ಹುಬ್ಬಿನಲ್ಲಿ ಅಜ್ಜಿ ಬಂದ ಚಳಿಗಾಲ

ನಿಮಗೆ ಕಣ್ಣು ಹೊಡೆಯಲು ಬರುತ್ತದೆಯೇ? ಎರಡನ್ನೂ ಮುಚ್ಚಿ ತೆರೆಯುವುದಲ್ಲ, ಅದು ಕೋಳಿಗೂ ಬರುತ್ತದೆ. ಒಂದು ಕಣ್ಣು ತೆರೆದೇ ಇರಬೇಕು, ಇನ್ನೊಂದು ಮುಚ್ಚಬೇಕು, ತುಟಿಯ ತುದಿ ಅಲುಗಬಾರದು. ಅಕ್ಕಪಕ್ಕದಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು ಒಮ್ಮೆ ಮಾಡಿ ನೋಡಿ. ಬಂತೇ? ನನಗೆ ಎರಡು ಕಣ್ಣಿನಲ್ಲೂ ಬರುತ್ತದೆ. ತೊಂಬತ್ತರ ಹತ್ತಿರ ಬಂದ ಮುದುಕಿಗೆ ಇದೆಂಥ ಹುಚ್ಚು ಎನ್ನಬೇಡಿ. ಬಲಗಣ್ಣಿನದು ಹುಟ್ಟಿನಿಂದ ಬಂದದ್ದು. ಎಡಗಣ್ಣಿನದು ಒಮ್ಮೆ ಕೈಬಿಟ್ಟು ಹೋಗಿತ್ತು. ಅದನ್ನು ತಿರುಗಿ ತಂದುಕೊಟ್ಟವರು ರಾಯಚೂರಿನ ಒಬ್ಬ ಡಾಕ್ಟರು, ಅವರ ಮರದ ಪೆಟ್ಟಿಗೆ ಮತ್ತು ನಮ್ಮವ್ವ.

ಹೋದ ತಿಂಗಳು ನನ್ನ ಭುಜ ಹಿಡಿದುಕೊಂಡು ಕೈ ಮೇಲೆತ್ತಲು ಬರದಾಯಿತು. ಮೊಮ್ಮಗಳು ರಾಯಚೂರಿನ ಫಿಜಿಯೋಥೆರಪಿ ದವಾಖಾನೆಗೆ ಕರೆದೊಯ್ದಳು. ಅಲ್ಲಿದ್ದ ಡಾಕ್ಟರಮ್ಮ ಮಾನ್ವಿ ಕಡೆಯ ಹುಡುಗಿ. ಭುಜಕ್ಕೆ ಒದ್ದೆ ಪಟ್ಟಿ ಇಟ್ಟು, ಅಂಗೈಯಗಲದ ಯಂತ್ರದ ಗುಂಡಿ ತಿರುಗಿಸಿದಳು. ಮೊದಲು ಇರುವೆ ಹರಿದಂತಾಯಿತು, ಆಮೇಲೆ ಭುಜದ ಮಾಂಸ ನನ್ನನ್ನು ಕೇಳದೆ ತಾನೇ ಕುಣಿಯತೊಡಗಿತು. ಒದ್ದೆ ಬಟ್ಟೆಯ ಆ ಉಪ್ಪುಪ್ಪು ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಹತ್ತು ವರ್ಷದವಳಾಗಿ ಕೋಟೆಗೋಡೆಯ ಪಕ್ಕದ ಒಂದು ಪಡಸಾಲೆಯಲ್ಲಿ ಕೂತಿದ್ದೆ.

ಆ ಹುಡುಗಿ ಭುಜ ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು. ನನ್ನ ಎಡಮುಖದ ಮೇಲೆ ಹಚ್ಚೆಯ ನಾಲ್ಕು ಹಸಿರು ಚುಕ್ಕಿಗಳಿವೆ: ಹುಬ್ಬಿನ ಮೇಲೊಂದು, ಕಣ್ಣಿನ ಹೊರಮೂಲೆಯಲ್ಲೊಂದು, ಕೆನ್ನೆಯಲ್ಲೊಂದು, ತುಟಿಯ ತುದಿಗೊಂದು.

"ಅಜ್ಜಿ, ಈ ಹಚ್ಚಿ ಯಾರ್ ಹಾಕ್ಯಾರ್ರಿ? ಮಾರಿಗೆ ಲಕ್ವಾ ಹೊಡದವರಿಗೆ ನಾವು ಕರೆಂಟ್ ಇಡೋ ಜಾಗದಾಗ ಅದಾವಲ್ರಿ ಇವು."

"ನೀ ಹುಟ್ಟೋಕಿಂತ ಮೊದ್ಲ ಇಟ್ಟು ಮುಗಿಸ್ಯಾರವ್ವ," ಎಂದೆ.

ಅವಳು ಪೂರ್ತಿ ಕತೆ ಕೇಳಿದಳು. ಅರ್ಧ ಹೇಳುವಷ್ಟರಲ್ಲಿ ಹೊರಗೆ ಕಾಯುತ್ತಿದ್ದವರು ಗೊಣಗಿದರು. ಉಳಿದದ್ದನ್ನು ಫೋನಿನಲ್ಲಿ ಬರೆ ಎಂದಳು ಮೊಮ್ಮಗಳು. ಈಗಷ್ಟೇ ಅವಳೇ ಕಲಿಸಿದ್ದಾಳೆ. ಒಂದೇ ಬೆರಳಿನಿಂದ ಒಂದೊಂದು ಕಡೆ ಒತ್ತಬೇಕು, ಒತ್ತಿದಲ್ಲಿಂದ ಮಾತು ಹೊರಡುತ್ತದೆ. ನಮ್ಮವ್ವ ಈ ಕೆಲಸವನ್ನು ನನಗಿಂತ ಬಹಳ ಮೊದಲೇ ಮಾಡಿದ್ದಳು.

ನಮ್ಮೂರು ದೇವದುರ್ಗ ತಾಲ್ಲೂಕಿನ ಮಸರಕಲ್. ಅವ್ವನ ಹೆಸರು ನೀಲವ್ವ. ಚಿಕ್ಕಂದಿನ ಒಂದು ಜ್ವರದಲ್ಲಿ ಅವಳ ಕಿವಿ ಹೋಗಿತ್ತು, ಕಿವಿಯ ಹಿಂದೆಯೇ ಮಾತೂ ಹೋಗಿತ್ತು. ಊರವರು ಅವಳಿಗೆ ಕೈಸನ್ನೆಯಲ್ಲಿ ಕೆಲಸ ಹೇಳುತ್ತಿದ್ದರು: ಕೊಯ್ಯಿ, ಹೊರು, ಬಾ, ಹೋಗು. ಅದಕ್ಕಿಂತ ಹೆಚ್ಚಿನದನ್ನು ಹೇಳುವ ಪುರಸೊತ್ತು ಯಾರಿಗೂ ಇರಲಿಲ್ಲ. ಊರಿನ ಸುದ್ದಿಯನ್ನೆಲ್ಲ ಅವಳಿಗೆ ಮುಟ್ಟಿಸುತ್ತಿದ್ದವಳು ನಾನು. ಹೊಲದಲ್ಲಿ ಇಬ್ಬರ ಕೈಯಲ್ಲೂ ಕುಡುಗೋಲು, ಸನ್ನೆಗೆ ಕೈ ಬಿಡುವಿಲ್ಲ. ಆದ್ದರಿಂದ ನಮ್ಮ ಮಾತೆಲ್ಲ ಮುಖದಲ್ಲೇ ನಡೆಯುತ್ತಿತ್ತು. ನಾನು ಯಾವಾಗಲೂ ಅವಳ ಬಲಕ್ಕೆ ಕೂರುತ್ತಿದ್ದೆ, ಅವಳಿಗೆ ಕಾಣುತ್ತಿದ್ದುದು ನನ್ನ ಎಡಮುಖ. ಎಡಹುಬ್ಬು ಮೇಲೆ ಹೋದರೆ ಅಜ್ಜಿ, ಅಂದರೆ ಅವಳ ಅತ್ತೆ. ಅಜ್ಜಿಗೆ ಯಾರ ಕೆಲಸವೂ ಸರಿಬರುತ್ತಿರಲಿಲ್ಲ, ಹಾಗಾಗಿ ಅವಳ ಹುಬ್ಬು ಅಲ್ಲೇ ಮೇಲೆ ನಿಂತುಬಿಟ್ಟಿತ್ತು. ಕೆನ್ನೆ ತುಂಬಿಕೊಂಡರೆ ಊರ ಗೌಡ, ಅವನ ಬಾಯಲ್ಲಿ ಸದಾ ಎಲೆಅಡಿಕೆ. ತುಟಿಯ ತುದಿ ಮೇಲೇರಿದರೆ ಒಳ್ಳೆಯ ಸುದ್ದಿ, ಕೆಳಗಿಳಿದರೆ ಕೆಟ್ಟದ್ದು. ಎಲ್ಲ ಹೇಳಿ ಮುಗಿಸಿ ಎಡಗಣ್ಣು ಹೊಡೆದರೆ, ಇಲ್ಲಿಯವರೆಗೆ ಹೇಳಿದ್ದು ಸುಳ್ಳು, ನಗು ಎಂದು ಅರ್ಥ. ಅವ್ವ ಶಬ್ದವಿಲ್ಲದೆ ನಗುತ್ತಿದ್ದಳು, ಭುಜ ಮಾತ್ರ ಕುಣಿಯುತ್ತಿತ್ತು.

ದೊಡ್ಡ ಯುದ್ಧ ಮುಗಿದ ಮೇಲಿನ ಚಳಿಗಾಲವದು. ನಮ್ಮ ಕಡೆಯೆಲ್ಲ ಇನ್ನೂ ನಿಜಾಮರ ಆಳ್ವಿಕೆ. ಹತ್ತಿ ಬಿಡಿಸುವ ಕಾಲಕ್ಕೆ ಅಪ್ಪನಿಗೆ ರಾಯಚೂರಿನ ಒಂದು ಹತ್ತಿ ಗಿರಣಿಯಲ್ಲಿ ಕೂಲಿ ಸಿಕ್ಕಿತು. ಆ ಹಂಗಾಮು ಮುಗಿಯುವವರೆಗೆ ಅಲ್ಲೇ ಇರುವುದೆಂದು ಅಪ್ಪ, ಅವ್ವ, ನಾನು ಹೊರಟೆವು. ಹತ್ತಿ ಹೇರಿದ ಬಂಡಿಯ ತುದಿಯಲ್ಲಿ ಕೂತು ಬಂದೆ. ದಾರಿಯುದ್ದಕ್ಕೂ ಬಿಳಿಜೋಳದ ಹೊಲ, ಅದರ ಮೇಲಿಂದ ಬೀಸುವ ಥಂಡಿ ಗಾಳಿ. ಗಿರಣಿಯ ಪಕ್ಕದ ಜೋಪಡಿಯಲ್ಲಿ ಮರುದಿನ ಎದ್ದು ಬಾಯಿ ಮುಕ್ಕಳಿಸಿದರೆ ನೀರು ಎಡಗಡೆಯಿಂದ ತಾನೇ ಹರಿದುಹೋಯಿತು. ಎಡಗಣ್ಣು ಮುಚ್ಚಲೊಲ್ಲದು. ಹುಬ್ಬು, ಕೆನ್ನೆ, ತುಟಿ ಎಲ್ಲ ಒದ್ದೆ ಬಟ್ಟೆಯಂತೆ ಜೋತುಬಿದ್ದಿದ್ದವು.

ಲಕ್ವಾ ಎಂದರು, ಗಾಳಿ ಸೋಕಿದೆ ಎಂದರು. ಜಾಜಿಕಾಯಿ ಬಾಯಲ್ಲಿಡಿಸಿದರು, ಬಿಸಿ ಇಟ್ಟಿಗೆಯ ಕಾವು ಕೊಟ್ಟರು. ಪಕ್ಕದ ಜೋಪಡಿಯ ಹೆಂಗಸು, ಮಂದಿಯನ್ನು ಅಣಕಿಸಿ ಅಣಕಿಸಿ ಹೀಗಾಯಿತು, ದೇವರು ಕಣ್ಣು ಬಿಟ್ಟ ಎಂದಳು. ತಕ್ಷಣ ಅವಳನ್ನೇ ಅಣಕಿಸಲು ಹೋದೆ. ಅರ್ಧ ಮಾತ್ರ ಆಯಿತು.

ನೋವೇನೂ ಇರಲಿಲ್ಲ. ಸಂಕಟ ಬೇರೆಯದು. ಒಂದು ದಿನ ಊರಿನಿಂದ ಬಂದವನೊಬ್ಬ ನಮ್ಮ ಆಕಳು ಹೆಣ್ಣುಕರು ಹಾಕಿದೆ ಎಂದ. ಅವ್ವ ಕೊಡ ಹೊತ್ತು ಬರುತ್ತಿದ್ದಳು. ನಾನು ಓಡಿಹೋಗಿ, ಆಕಳಿಗೆ ಕೈಯಲ್ಲಿ ಕೊಂಬು ಮಾಡಿ ತೋರಿಸಿ, ಬಾಯಿ ತುಂಬ ನಕ್ಕೆ. ಅವ್ವ ಕೊಡ ಇಳಿಸಿ ನೆಲಕ್ಕೆ ಕೂತು ಅಳತೊಡಗಿದಳು. ಆಕಳು ಸತ್ತಿದೆ ಎಂದು ತಿಳಿದಿದ್ದಳು. ಬಲತುಟಿ ಮೇಲೆ ಹೋಗಿತ್ತಲ್ಲ ಎನ್ನುತ್ತೀರಿ. ಹೌದು, ಆದರೆ ಎಡತುಟಿ ಕೆಳಗೇ ಇತ್ತು, ಇಷ್ಟು ವರ್ಷ ಅವಳು ಓದುತ್ತಿದ್ದುದು ಅದನ್ನೇ. ಅಪ್ಪ ಬಂದು ಕೈಯಲ್ಲಿ ಕರುವಿನ ಎತ್ತರ ತೋರಿಸಿ, ಅದು ಜಿಗಿಯುವುದನ್ನು ತೋರಿಸಿದ ಮೇಲೆ ಸಮಾಧಾನವಾಯಿತು. ಆದರೆ ಅಂದಿನಿಂದ ಅವಳು ನನ್ನ ಮುಖ ನೋಡುವುದನ್ನು ಕಡಿಮೆ ಮಾಡಿದಳು. ನೋಡಿದರೆ ಓದುತ್ತಾಳೆ, ಓದಿದರೆ ತಪ್ಪಾಗುತ್ತದೆ. ಅವಳ ಪಾಲಿಗೆ ಉಳಿದಿದ್ದ ಒಂದೇ ಮಾತು ನಿಂತುಹೋಗಿತ್ತು.

ಕೂಲಿಯವರ ಮೇಲ್ವಿಚಾರಣೆ ನೋಡುತ್ತಿದ್ದ ಗಿರಣಿಯ ಮುಕಾದಮ ಅಪ್ಪನಿಗೆ ಕೋಟೆಗೋಡೆಯ ಹತ್ತಿರ ಇದ್ದ ಡಾಕ್ಟರ್ ಸಾಹೇಬರ ಮನೆ ತೋರಿಸಿದ. ಅವರು ಯುದ್ಧಕಾಲದಲ್ಲಿ ಫೌಜಿನ ದವಾಖಾನೆಯಲ್ಲಿದ್ದವರು. ಗುಂಡು ತಾಗಿ ಕೈಕಾಲು, ಮುಖ ಬಿದ್ದುಹೋದ ಸಿಪಾಯಿಗಳಿಗೆ ಕರೆಂಟ್ ಇಟ್ಟು ಚಿಕಿತ್ಸೆ ಮಾಡುತ್ತಿದ್ದರಂತೆ. ಊರಲ್ಲಿ ಅವರಿಗೆ ಬ್ಯಾಟರಿ ಡಾಕ್ಟರ್ ಎಂದೇ ಹೆಸರು. ಎತ್ತರದ ಆಳು, ಬಿಳಿ ಗಡ್ಡ, ಉರ್ದುವಿನ ನಡುವೆ ಕನ್ನಡ ಸೇರಿಸಿ ಮಾತಾಡುತ್ತಿದ್ದರು. ಪಡಸಾಲೆಯ ಮೇಜಿನ ಮೇಲೆ ಮರದ ಪೆಟ್ಟಿಗೆ. ಮುಚ್ಚಳ ತೆಗೆದರೆ ತಾಮ್ರದ ತಂತಿಯ ಸುರುಳಿ, ದುಂಬಿಯಂತೆ ಗುಂಯ್‌ಗುಡುವ ಒಂದು ಪುಟ್ಟ ಸುತ್ತಿಗೆ, ಎರಡು ತಂತಿ. ಒಂದು ತಂತಿಯ ತುದಿಗೆ ಒದ್ದೆ ಪಟ್ಟಿ, ಅದು ನನ್ನ ಬೆನ್ನಿಗೆ. ಇನ್ನೊಂದರ ತುದಿಗೆ ಪೆನ್ಸಿಲಿನಂಥ ಹಿಡಿಕೆ, ಅದರ ಮೂತಿಗೆ ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆ.

"ಹೆದರಬ್ಯಾಡ ಬೇಟಿ. ಇದು ಕಚ್ಚಂಗಿಲ್ಲ, ಕಚಗುಳಿ ಇಡ್ತದ ಅಷ್ಟ."

ಸುಳ್ಳು. ಕಚ್ಚಿತು. ಅಲುಗಾಡಲು ಬರದ ಮುಖಕ್ಕೆ ನೋವು ಮಾತ್ರ ಚೆನ್ನಾಗಿ ಗೊತ್ತಾಗುತ್ತಿತ್ತು. ಸಾಹೇಬರು ಹಣೆಯ ಮೇಲೆ ಅಲ್ಲೊಮ್ಮೆ ಇಲ್ಲೊಮ್ಮೆ ಪೆನ್ಸಿಲು ಇಟ್ಟು ಹುಡುಕುತ್ತಿದ್ದರು. ಒಂದು ಕಡೆ ಇಟ್ಟದ್ದೇ ನನ್ನ ಎಡಹುಬ್ಬು ಟಣ್ಣನೆ ಮೇಲಕ್ಕೆ ಹಾರಿತು.

ಎದುರು ಕೂತಿದ್ದ ಅವ್ವ ಥಟ್ಟನೆ ಎದ್ದು ನಿಂತಳು. ಸೆರಗು ತಲೆಯ ಮೇಲೆ ಎಳೆದುಕೊಂಡು ಬಾಗಿಲ ಕಡೆ ತಿರುಗಿದಳು.

ಸಾಹೇಬರಿಗೆ ಏನೂ ತಿಳಿಯಲಿಲ್ಲ. ಅಪ್ಪ ನಾಚಿಕೊಂಡು, ಆ ಹುಬ್ಬು ಎದ್ದರೆ ನಮ್ಮವ್ವ, ಅಂದರೆ ಇವಳ ಅತ್ತೆ, ಬಂದಳು ಎಂದು ಅರ್ಥರೀ, ಅದಕ್ಕೇ ಎದ್ದು ನಿಂತಿದ್ದಾಳೆ ಎಂದ. ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನಕ್ಕು ಮುಗಿಸಿ ಒಂದೊಂದೇ ಜಾಗಕ್ಕೆ ಯಾರ ಹೆಸರು ಎಂದು ಕೇಳಿ ತಿಳಿದುಕೊಂಡರು. ಆಮೇಲೆ ಅಪ್ಪನಿಗೆ ಹೇಳಿದ್ದು ನನಗಿನ್ನೂ ನೆನಪಿದೆ.

"ಕರದ್ರ ಓ ಅಂತದ ನೋಡು. ಅಂದ್ರ ನರ ಸತ್ತಿಲ್ಲ. ಆದ್ರ ದಿನಾ ಕರೀಬೇಕು. ಕರಿಯೋದು ಬಿಟ್ರ ಮಾಂಸ ಒಣಗಿ ಮರತುಬಿಡ್ತದ."

ದಿನವೂ ಹೋದೆವು. ನಾವು ಒಳಗೆ ಬಂದರೆ ಸಾಹೇಬರು, ಇವತ್ತು ಮೊದಲು ಗೌಡರನ್ನು ಕರೆಯೋಣವೋ ಅತ್ತೆಯನ್ನೋ ಎನ್ನುತ್ತಿದ್ದರು. ಕಷ್ಟವೆಂದರೆ ಸರಿಯಾದ ಜಾಗ ಸಿಗುವವರೆಗೆ ದಿನಾ ಹುಡುಕಬೇಕು, ಹುಡುಕುವಾಗ ಚುಚ್ಚುತ್ತದೆ, ಚುಚ್ಚಿದರೆ ನಾನು ಕಿರುಚುತ್ತೇನೆ. ಅದಕ್ಕೆ ಸಾಹೇಬರು ಸಿಕ್ಕ ಜಾಗಗಳಿಗೆ ಕಡ್ಡಿಯಿಂದ ನೇರಳೆ ಬಣ್ಣದ ಔಷಧಿಯ ಗುರುತು ಹಾಕಿದರು. ಆದರೆ ಮುಚ್ಚದ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಬಾಯಿಂದ ಜೊಲ್ಲು. ಅವ್ವ ಒರೆಸಿ ಒರೆಸಿ ಮರುದಿನಕ್ಕೆ ಗುರುತು ಮಾಯ.

ಅಷ್ಟರಲ್ಲಿ ಎಳ್ಳಮಾವಾಸ್ಯೆ ಬಂತು. ಮಾನ್ವಿ ಅವ್ವನ ತವರು. ಈಗ ಅಲ್ಲಿ ಕಾಲುವೆ ಬಂದು ಎಲ್ಲಿ ನೋಡಿದರೂ ಭತ್ತ. ಆಗ ಜೋಳ, ಹತ್ತಿ, ಸಜ್ಜೆ. ಹೊಲಕ್ಕೆ ಹೋಗಿ ಸಜ್ಜೆರೊಟ್ಟಿ ಪುಂಡಿಪಲ್ಯ ತಿನ್ನಲು ಮಾವ ಕರೆದಿದ್ದ. ಹೋಗಿ ಬರುವವರೆಗೆ ಈ ಗುರುತು ಉಳಿದರೆ ಪುಣ್ಯ, ಮತ್ತೆ ಮೊದಲಿನಿಂದ ಹುಡುಕುವುದು ತಪ್ಪುತ್ತದೆ ಎಂದು ಸಾಹೇಬರು ಗಾಢವಾಗಿ ಬಣ್ಣ ಹಚ್ಚಿ, ಗುರುತು ತೋರಿಸಿ, ಒರೆಸಬಾರದು ಎಂದು ಅವ್ವನಿಗೆ ಕೈಯಾಡಿಸಿ ಹೇಳಿದರು. ಅವ್ವ ತಲೆಯಾಡಿಸಿದಳು. ಅವಳಿಗೆ ಚೆನ್ನಾಗಿ ಅರ್ಥವಾಗಿತ್ತು, ಸಾಹೇಬರು ಅಂದುಕೊಂಡದ್ದಕ್ಕಿಂತ ಚೆನ್ನಾಗಿ.

ಮಾನ್ವಿಯಲ್ಲಿ ಹಬ್ಬದ ಮರುದಿನ ಹಚ್ಚೆ ಹಾಕುವ ಹೆಂಗಸು ಓಣಿಗೆ ಬಂದಳು. ಅವ್ವ ನನ್ನನ್ನು ಎಳೆದು ಅವಳ ಮುಂದೆ ಕೂರಿಸಿ, ತಲೆಯನ್ನು ತನ್ನ ಮೊಣಕಾಲುಗಳ ನಡುವೆ ಬಿಗಿಹಿಡಿದು, ನಾಲ್ಕು ನೇರಳೆ ಗುರುತುಗಳ ಮೇಲೂ ಬೆರಳಿಟ್ಟು ತೋರಿಸಿದಳು. ಆ ಹೆಂಗಸಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ.

"ಎಂಥ ಅಡ್ಡಾದಿಡ್ಡಿ ಚುಕ್ಕಿಬೇ ಇವು. ಒಂದು ಬಳ್ಳಿ ಎಳದು ಕೂಡಸ್ತೀನಿ ತಡಿ, ಚಂದ ಕಾಣ್ತದ."

ಅವ್ವ ಅವಳ ಕೈ ಹಿಡಿದು ತಡೆದಳು. ಬಳ್ಳಿ ಬೇಡ, ಹೂವು ಬೇಡ, ನಾಲ್ಕು ಚುಕ್ಕಿ, ಅಲ್ಲೇ. ಸೊಪ್ಪಿನ ರಸದಲ್ಲಿ ತೇಯ್ದ ಕಾಡಿಗೆ, ಸೂಜಿ, ಆ ಹೆಂಗಸಿನ ಹಾಡು, ನನ್ನ ಅರ್ಧಬಾಯಿಯ ಬೊಬ್ಬೆ. ಮನೆಯಲ್ಲಿ ಯಾರೂ ಬೇಡವೆನ್ನಲಿಲ್ಲ. ಹತ್ತು ವರ್ಷದ ಹುಡುಗಿಗೆ ಹಚ್ಚೆ ಹಾಕಿಸುವುದು ನಮ್ಮಲ್ಲಿ ಎಲ್ಲರೂ ಮಾಡುವುದೇ ಆಗಿತ್ತು.

ರಾಯಚೂರಿಗೆ ಮರಳಿ ಅವ್ವ ಹೆಮ್ಮೆಯಿಂದ ನನ್ನ ಗಲ್ಲ ಎತ್ತಿ ಸಾಹೇಬರಿಗೆ ತೋರಿಸಿದಳು. ನಾಲ್ಕು ಕಡೆ ಊದಿ ಕೆಂಪಾಗಿ ಹಕ್ಕಳೆ ಕಟ್ಟಿತ್ತು. ಸಾಹೇಬರು ಪೆಟ್ಟಿಗೆಯ ಮುಚ್ಚಳ ಮುಚ್ಚಿದರು. ಆಮೇಲೆ ಅಪ್ಪನಿಗೆ ಮೆಲ್ಲಗೆ ಹೇಳಿದರು: ಗಾಯದ ಮೇಲೆ ಕರೆಂಟ್ ಇಡಲು ಬರುವುದಿಲ್ಲ, ಸುಡುತ್ತದೆ, ಹಕ್ಕಳೆ ಉದುರುವವರೆಗೆ ಏನೂ ಮಾಡಲಾಗದು. ಅಪ್ಪ ಅದನ್ನು ಸನ್ನೆಯಲ್ಲಿ ಹೇಳುವ ಮೊದಲೇ ಅವ್ವ ಸಾಹೇಬರ ಮುಖದಲ್ಲಿ ಓದಿಕೊಂಡಿದ್ದಳು. ಗಲ್ಲ ಹಿಡಿದಿದ್ದ ಅವಳ ಕೈ ಮೆಲ್ಲಗೆ ಜಾರಿತು.

ಪೆಟ್ಟಿಗೆಯ ಮುಚ್ಚಳ ಮುಚ್ಚಿಯೇ ಇದ್ದ ಆ ದಿನಗಳಷ್ಟು ಉದ್ದದ ದಿನಗಳನ್ನು ನಾನು ಆಮೇಲೆ ಕಂಡಿಲ್ಲ. ಅವ್ವ ಆದರೂ ದಿನಾ ನನ್ನನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದಳು. ಸಾಹೇಬರು ನೋಡಿ, ಇನ್ನೂ ಇಲ್ಲವೆಂದು ತಲೆಯಾಡಿಸುತ್ತಿದ್ದರು, ನಾವು ತಿರುಗಿ ಬರುತ್ತಿದ್ದೆವು. ದಿನಾ ಕರೆಯದಿದ್ದರೆ ಮರೆತುಬಿಡುತ್ತದೆ ಎಂದಿದ್ದರಲ್ಲ. ಯಾರೂ ಕರೆಯದಿದ್ದರೆ ಏನಾಗುತ್ತದೆ ಎಂದು ಅವ್ವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಜೋಪಡಿಯಲ್ಲಿ ಅವಳು ರೊಟ್ಟಿ ತಟ್ಟುವಾಗಲೂ ನನ್ನ ಕಡೆ ಬೆನ್ನು ಹಾಕಿ ಕೂರತೊಡಗಿದಳು.

ಕೊನೆಗೆ ಹಕ್ಕಳೆ ಉದುರಿ ಕೆಳಗೆ ಎಳೆಹಸಿರು ಚುಕ್ಕಿಗಳು ಕಂಡವು. ಸಾಹೇಬರು ಪೆನ್ಸಿಲನ್ನು ನೀರಿನಲ್ಲಿ ಅದ್ದಿ ನೇರವಾಗಿ ಹುಬ್ಬಿನ ಚುಕ್ಕಿಯ ಮೇಲಿಟ್ಟರು. ಹುಬ್ಬು ಎದ್ದಿತು. ನಾವೆಲ್ಲ ಉಸಿರು ಬಿಟ್ಟೆವು. ಹುಡುಕುವುದಿಲ್ಲ, ಚುಚ್ಚುವುದಿಲ್ಲ, ಇಟ್ಟರೆ ಸರಿಯಾಗಿ ಅಲ್ಲೇ. ನಾಲ್ಕೂ ಮುಗಿದ ಮೇಲೆ ಸಾಹೇಬರು ಮಾಡಿದ ಕೆಲಸಕ್ಕೆ ನಾನು ಇವತ್ತಿಗೂ ಅವರಿಗೆ ಕೈಮುಗಿಯುತ್ತೇನೆ. ಕರೆಂಟಿನ ಗುಂಡಿಯನ್ನು ತಮ್ಮ ಕೈಯಲ್ಲಿ ಇಟ್ಟುಕೊಂಡು, ಪೆನ್ಸಿಲನ್ನು ಅವ್ವನ ಕೈಗೆ ಕೊಟ್ಟರು. ಚುಕ್ಕಿ ನೀನೇ ಹಾಕಿಸಿದ್ದಲ್ಲವೇ, ನೀನೇ ಇಡು ಎಂದು ಸನ್ನೆ ಮಾಡಿದರು.

ಅವ್ವ ಪೆನ್ಸಿಲು ಹಿಡಿದು ನನ್ನ ಮುಖದ ಹತ್ತಿರ ಬಾಗಿದಳು. ಹುಬ್ಬಿನ ಮೇಲೆ ಇಟ್ಟಳು: ಅತ್ತೆ ಬಂದಳು. ಕೆನ್ನೆಯ ಮೇಲೆ ಇಟ್ಟಳು: ಗೌಡ ಬಂದ. ಮತ್ತೆ ಹುಬ್ಬು, ಮತ್ತೆ ಕೆನ್ನೆ, ಹುಬ್ಬು, ಕೆನ್ನೆ, ಬೇಗ ಬೇಗ. ಅತ್ತೆಗೂ ಗೌಡನಿಗೂ ಜಗಳ ಹತ್ತಿದೆ ಎಂದು ನನಗೆ ಒಳಗಿನಿಂದ ತಿಳಿಯತೊಡಗಿತು. ಹುಬ್ಬು ಬಹಳ ಹೊತ್ತು ಮೇಲೇ ನಿಂತಿತು: ಅತ್ತೆ ಗೆದ್ದಳು. ತುಟಿಯ ತುದಿ ಎದ್ದಿತು: ಒಳ್ಳೆಯ ಸುದ್ದಿ. ಕೊನೆಗೆ ಕಣ್ಣಿನ ಮೂಲೆಯ ಚುಕ್ಕಿಗೆ ಪೆನ್ಸಿಲು ಬಂತು, ನನ್ನ ಎಡಗಣ್ಣು ತಾನೇ ಹೊಡೆಯಿತು. ಇಲ್ಲಿಯವರೆಗೆ ಹೇಳಿದ್ದು ಸುಳ್ಳು. ಅಷ್ಟು ವರ್ಷ ನಾನೇ ಅವಳಿಗೆ ಕತೆ ಹೇಳುತ್ತಿದ್ದೆ. ಅಂದು ಅವಳು ನನಗೆ ಒಂದು ಕತೆ ಹೇಳಿದಳು, ನನ್ನದೇ ಮುಖದಲ್ಲಿ. ಸಾಹೇಬರ ಭುಜ, ಅಪ್ಪನ ಭುಜ, ಅವ್ವನ ಭುಜ ಒಟ್ಟಿಗೆ ಕುಣಿಯುತ್ತಿದ್ದವು.

ಆಮೇಲೆ ದಿನಾ ಹಾಗೆಯೇ ನಡೆಯಿತು. ಗಿರಣಿಯ ಹತ್ತಿ ತೀರುತ್ತ ಬಂದ ಸಮಯ. ಒಂದು ಮಧ್ಯಾಹ್ನ ಅವ್ವ ಜೋಪಡಿಯಲ್ಲಿ ರೊಟ್ಟಿ ತಟ್ಟುತ್ತಿದ್ದಳು, ಈಗ ನನ್ನ ಕಡೆ ಮುಖ ಮಾಡಿಯೇ. ನನಗೆ ಅಜ್ಜಿಯ ನೆನಪು ಬಂತು. ಊರಿಗೆ ಹೋದರೆ ಈ ಚುಕ್ಕಿಗಳಿಗೆ ಏನೆನ್ನುತ್ತಾಳೋ ಎಂದುಕೊಂಡೆ. ನೆನೆದದ್ದು ಅಷ್ಟೇ.

ಅವ್ವ ಹಿಟ್ಟಿನ ಕೈಯಲ್ಲೇ ಸೆರಗು ತಲೆಗೆ ಎಳೆದುಕೊಂಡಳು. ಬಾಗಿಲ ಕಡೆ ನೋಡಿದಳು, ಯಾರೂ ಇಲ್ಲ. ನನ್ನ ಕಡೆ ನೋಡಿದಳು. ಎದ್ದು ಬಂದು ನನ್ನ ಬೆನ್ನ ಹಿಂದೆ ಕೈಯಾಡಿಸಿದಳು, ಕಿವಿಯ ಹಿಂದೆ ನೋಡಿದಳು. ತಂತಿ ಹುಡುಕುತ್ತಿದ್ದಳು ಪಾಪ. ತಂತಿ ಎಲ್ಲಿಂದ ಬರಬೇಕು? ನಾನು ಮತ್ತೊಮ್ಮೆ ಹುಬ್ಬು ಎತ್ತಿದೆ. ಪೂರ್ತಿ ಬರಲಿಲ್ಲ, ಜೋಳದ ಕಾಳಿನಷ್ಟು ಎದ್ದಿತು. ಅವಳಿಗೆ ಅಷ್ಟು ಸಾಕಾಗಿತ್ತು. ಹಂಚಿನ ಮೇಲಿನ ರೊಟ್ಟಿ ಕರ್ರಗಾಗಿ ಹೊಗೆ ಎದ್ದು ಪಕ್ಕದ ಜೋಪಡಿಯವರು ಓಡಿಬಂದರು. ಅವ್ವ ನನ್ನ ಮುಖವನ್ನು ಹಿಟ್ಟಿನ ಕೈಗಳಲ್ಲಿ ಹಿಡಿದುಕೊಂಡು ಕೂತೇ ಇದ್ದಳು.

ಹುಬ್ಬಿನ ಹಿಂದೆ ತುಟಿ ಬಂತು, ತುಟಿಯ ಹಿಂದೆ ಕೆನ್ನೆ, ಎಲ್ಲಕ್ಕಿಂತ ಕೊನೆಗೆ ಕಣ್ಣು. ಈಗಿನ ಡಾಕ್ಟರಮ್ಮ ಹೇಳುವ ಪ್ರಕಾರ ಇಂಥ ಲಕ್ವಾ ಬಹಳ ಮಂದಿಗೆ ತಾನಾಗಿಯೇ ವಾಸಿಯಾಗುತ್ತದೆ. ನನ್ನದು ಕರೆಂಟಿನಿಂದ ಬಂತೋ ಹಾಗೆಯೇ ಬಂತೋ ಹೇಳಲಾಗದು. ಸಾಹೇಬರೂ ಅಂದು ಅಪ್ಪನಿಗೆ ಅದನ್ನೇ ಹೇಳಿದ್ದರು, ನಾನು ಕರೆದೆ, ಬರಬೇಕೆಂದಿತ್ತು, ಬಂತು ಎಂದು. ಇರಲಿ. ಆ ಚಳಿಗಾಲ ಪೂರ್ತಿ ನನ್ನ ಮುಖವನ್ನು ದಿನಾ ಹೆಸರು ಹಿಡಿದು ಕರೆದವರು ಇದ್ದರು, ನಾನು ಕೃತಜ್ಞಳಾಗಿರಲು ಅಷ್ಟು ಸಾಲದೇ? ಕೆಲವು ವರ್ಷಗಳಲ್ಲಿ ಕಾಲ ಬದಲಾಯಿತು, ಸಾಹೇಬರು ರಾಯಚೂರು ಬಿಟ್ಟು ಹೋದರೆಂದು ಅಪ್ಪ ಹೇಳಿದ. ಅವರ ಹೆಸರನ್ನು ನಾವು ಯಾರೂ ಕೇಳಿಯೇ ಇರಲಿಲ್ಲ. ಅವರು ಮುಟ್ಟಿದ ನಾಲ್ಕು ಜಾಗ ಮಾತ್ರ ನನ್ನ ಹತ್ತಿರ ಉಳಿದಿವೆ.

ಊರಿಗೆ ಹೊರಟ ದಿನ ಖಾಲಿ ಬಂಡಿಯಲ್ಲಿ ಅವ್ವನ ಬಲಕ್ಕೆ ಕೂತೆ. ಎಷ್ಟು ದಿನದ ಬಾಕಿ ನೋಡಿ, ನನ್ನ ಮುಖ ನಿಲ್ಲಲೇ ಇಲ್ಲ. ಸಾಹೇಬರು ಕನ್ನಡಕ ಒರೆಸುವುದು, ಮುಕಾದಮ ಬೀಡಿ ಸೇದುವುದು, ಪಕ್ಕದ ಜೋಪಡಿಯವಳು ಹೊಗೆ ಕಂಡು ಬಾಯಿ ಬಾಯಿ ಬಡಿದುಕೊಂಡದ್ದು, ಹಚ್ಚೆಯವಳ ಸಿಟ್ಟು, ರೈಲು ಬರುವಾಗ ಹಮಾಲಿಗಳು ಓಡುವುದು, ಎಲ್ಲ ಹೇಳಿದೆ. ಮಸರಕಲ್ ಹತ್ತಿರ ಬರುವವರೆಗೆ ಹೇಳಿದೆ. ಅವ್ವ ಮೊದಲು ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು, ಆಮೇಲೆ ಆಕಳಿಸಿದಳು. ನಾನು ಬಿಡಲಿಲ್ಲ, ಅವಳ ಗಲ್ಲ ಹಿಡಿದು ನನ್ನ ಕಡೆ ತಿರುಗಿಸಿಕೊಂಡು ಮತ್ತೆ ಶುರುಮಾಡಿದೆ.

ಆಗ ಅವಳು ಕೈ ಎತ್ತಿ ನನ್ನನ್ನು ತಡೆದಳು. ನನ್ನ ನಾಲ್ಕು ಚುಕ್ಕಿಗಳ ಮೇಲೂ ಒಂದೊಂದಾಗಿ ಬೆರಳಿಟ್ಟು ಒತ್ತಿ ನೋಡಿದಳು. ಯಾವುದರಿಂದಲೂ ಉಪಯೋಗವಿಲ್ಲವೆಂದು ತಲೆಯಾಡಿಸಿದಳು. ಆಮೇಲೆ ಗಡ್ಡ ನೀವಿ ಸಾಹೇಬರನ್ನು ಮಾಡಿ, ಗುಂಡಿ ತಿರುಗಿಸುವಂತೆ ಬೆರಳು ತಿರುಗಿಸಿ, ರಾಯಚೂರಿನ ದಿಕ್ಕಿಗೆ ಕೈ ತೋರಿಸಿದಳು. ಬಂಡಿ ಹೊಡೆಯುತ್ತಿದ್ದ ಅಪ್ಪ ಅದನ್ನು ನೋಡಿ, ಅವಳು ಕಣ್ಣು ಮಾತ್ರ ಹೊಡೆಯಲಿಲ್ಲ, ಅಂದರೆ ಇದು ಸುಳ್ಳಲ್ಲ ಅನ್ನುವುದನ್ನೂ ನೋಡಿ, ನನಗೆ ಬಾಯಿಬಿಟ್ಟು ಹೇಳಿದ:

"ನಿಮ್ಮವ್ವ ಕೇಳಾಕತ್ತಾಳ, ಇದನ್ನ ಬಂದ್ ಮಾಡೋ ಚುಕ್ಕಿ ಯಾವುದಂತ. ಬಂಡಿ ತಿರುಗಸು ಅಂತಾಳ, ಅದೊಂದು ಹಾಕಿಸೋದು ಉಳದದಂತ."